ಹಂಗಿಲ್ಲದ ಕೃತಜ್ಞತೆ

ವಿದ್ಯಾವಂತರ ಮನೆಗಳಲ್ಲಿ ಈಚೆಗೆ ಒಂದು ಹೊಸ ನಿತ್ಯಕರ್ಮವು ರೂಢಿಗೆ ಬಂದಿರುವುದು. ಸಂಧ್ಯಾವಂದನೆಯನ್ನೂ ಮುಸ್ಸಂಜೆಯ ದೀಪವನ್ನೂ ಬಿಟ್ಟ ಮನೆಗಳಲ್ಲಿ ಕೂಡ ಇದು ಲೋಪವಿಲ್ಲದೆ ನಡೆಯುತ್ತಿದೆ. ರಾತ್ರಿ ಮಲಗುವ ಮುನ್ನ ಒಂದು ಪುಸ್ತಕವನ್ನು ತೆರೆದು, ಆ ದಿನ ತನಗೆ ದೊರೆತ ಐದು ಸುಖಗಳನ್ನು ಒಂದರ ಕೆಳಗೊಂದು ಬರೆಯುವುದೇ ಆ ಕರ್ಮ. ಬಿಸಿನೀರಿನ ಸ್ನಾನ, ಹಬೆಯಾಡುವ ಕಾಫಿ, ಮೆತ್ತನೆಯ ಹಾಸಿಗೆ, ಕಿಟಕಿಯಿಂದ ಬಂದ ತಂಗಾಳಿ, ಮಗುವಿನ ನಗೆ. ಹೀಗೆ ಪಟ್ಟಿಯು ಬೆಳೆಯುವುದು. ಇದಕ್ಕೆ ಕೃತಜ್ಞತೆಯ ಅಭ್ಯಾಸವೆಂದು ಹೆಸರು. ಇದಕ್ಕಾಗಿಯೇ ಚೆಂದದ ರಟ್ಟು ಹಾಕಿದ, ಪುಟಪುಟಕ್ಕೂ ಐದೈದು ಗೆರೆ ಎಳೆದ ಪುಸ್ತಕಗಳು ಅಂಗಡಿಗಳಲ್ಲಿ ಮಾರಾಟಕ್ಕೆ ಇವೆ. ಬೋಧಿಸುವ ಗುರುಗಳಿಗೂ ಕೊರತೆಯಿಲ್ಲ.

ಈ ಪದ್ಧತಿಯು ಬರಿಯ ಬೂಟಾಟಿಕೆಯೆಂದು ತಳ್ಳಿಹಾಕುವುದು ನ್ಯಾಯವಲ್ಲ. ಅಮೆರಿಕೆಯ ಮನಶ್ಶಾಸ್ತ್ರಜ್ಞರಾದ ರಾಬರ್ಟ್ ಎಮನ್ಸ್ ಮತ್ತು ಮೈಕೇಲ್ ಮೆಕಲಫ್ ಎಂಬವರು 2003ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ತಮಗೆ ದೊರೆತ ಒಳಿತುಗಳನ್ನು ಕ್ರಮವಾಗಿ ಬರೆದಿಟ್ಟ ವಿದ್ಯಾರ್ಥಿಗಳು, ಕಿರುಕುಳಗಳನ್ನು ಬರೆದಿಟ್ಟವರಿಗಿಂತ ತಮ್ಮ ಬಾಳಿನ ವಿಷಯದಲ್ಲಿ ಹೆಚ್ಚು ತೃಪ್ತರಾಗಿ ಕಂಡುಬಂದರು. ಗೊಣಗುವವನಿಗಿಂತ ನೆನೆಯುವವನು ನೆಮ್ಮದಿಯಾಗಿರುವನೆಂಬುದು ನಂಬತಕ್ಕ ಮಾತೇ. ಆದರೆ ಆಕ್ಷೇಪವಿರುವುದು ಆ ನೆಮ್ಮದಿಯ ಮೇಲಲ್ಲ. ಅದಕ್ಕೆ ಕೃತಜ್ಞತೆಯೆಂಬ ಹೆಸರನ್ನು ಇಟ್ಟಿರುವುದರ ಮೇಲೆ. ನಿದ್ರೆ ಚೆನ್ನಾಗಿ ಬರಲೆಂದು ತೆಗೆದುಕೊಳ್ಳುವ ಕಷಾಯವನ್ನು ಕಷಾಯವೆಂದೇ ಕರೆಯಬೇಕು. ಅದನ್ನು ತೀರ್ಥವೆಂದು ಕರೆದರೆ ಹೆಸರಿಗೂ ಅಪಚಾರ, ಕುಡಿದವನಿಗೂ ಭ್ರಾಂತಿ.

ಶಬ್ದವನ್ನೇ ನೋಡಿರಿ. ಕೃತವನ್ನು ಬಲ್ಲವನು ಕೃತಜ್ಞ. ತನಗಾಗಿ ಮಾಡಲ್ಪಟ್ಟದ್ದೇನೆಂಬುದನ್ನು ತಿಳಿದವನು. ಮಾಡಿದ್ದು ಎಂದ ಮೇಲೆ ಮಾಡಿದವನೊಬ್ಬನು ಇರಲೇಬೇಕು. ಯಾರು ಮಾಡಿದರು, ಏನು ಮಾಡಿದರು, ಅದರಲ್ಲಿ ಅವರಿಗೆ ತಗುಲಿದ್ದೆಷ್ಟು, ಅವರಿಗೆ ಸಂದದ್ದೆಷ್ಟು ಎಂಬ ಅರಿವು ಈ ಗುಣದ ಬೇರು. ಹೃದಯದ ಆರ್ದ್ರತೆಯೆಂಬುದು ಆಮೇಲೆ ಬರುವ ಹೂವು. ಬೇರನ್ನು ಬಿಟ್ಟು ಹೂವನ್ನೇ ನೆಡಲು ಹೊರಟಿರುವುದು ಈ ಹೊಸ ಅಭ್ಯಾಸ. ಐದು ಗೆರೆಗಳ ಪುಸ್ತಕದಲ್ಲಿ ವಸ್ತುಗಳು ಮಾತ್ರ ಇರುವುವು, ಮನುಷ್ಯರು ಇರುವುದಿಲ್ಲ. ಕಾಫಿಯಿದೆ, ಬೆಳಗಿನ ಜಾವದಲ್ಲಿ ಎದ್ದು ಅದನ್ನು ಕಾಸಿದ ಹೆಂಗಸು ಇಲ್ಲ. ಮಗುವಿನ ನಗೆಯಿದೆ, ಹಗಲೆಲ್ಲ ಅದನ್ನು ಎತ್ತಿಕೊಂಡಿದ್ದ ಆಳುಮಗಳು ಇಲ್ಲ. ಇದ್ದರೂ ಅವಳು ಸುಖದ ಒಂದು ಸಾಮಗ್ರಿಯಾಗಿ ಇರುವಳೇ ಹೊರತು ಸಾಲ ಕೊಟ್ಟವಳಾಗಿ ಅಲ್ಲ.

ಕನ್ನಡದಲ್ಲಿ ಈ ಸಾಲಕ್ಕೆ ಋಣವೆಂಬ ಗ್ರಂಥಸ್ಥ ಶಬ್ದವಲ್ಲದೆ ಹಂಗು ಎಂಬ ಅಚ್ಚ ದೇಶ್ಯಪದವೂ ಇದೆ. ಹಂಗು ಎಂದರೆ ಪಡೆದವನ ಹೆಗಲ ಮೇಲೆ ಕುಳಿತ ಭಾರ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎಂಬ ಗಾದೆಯಲ್ಲಿ ಜನರು ಕೃತಘ್ನನನ್ನು ಚಿತ್ರಿಸಿರುವುದು ಈ ಪದದಿಂದಲೇ. ಹಳ್ಳಿಯವರ ಬಾಯಲ್ಲಿ ಧನ್ಯವಾದವೆಂಬ ಶಬ್ದವು ಬರುವುದು ಅಪರೂಪ. ಅವರು ಹೇಳುವುದು, ನಿಮ್ಮ ಉಪಕಾರ ಮರೆಯುವುದಿಲ್ಲ ಎಂದು. ನಿಮ್ಮ ಹೆಸರು ಹೇಳಿ ದೀಪ ಹಚ್ಚುತ್ತೇವೆ ಎಂದು. ಧನ್ಯವಾದವು ಹೇಳಿದೊಡನೆ ಮುಗಿಯುವುದು. ಮರೆಯುವುದಿಲ್ಲವೆಂಬ ಮಾತು ಹೇಳಿದಾಗ ಮೊದಲಾಗುವುದು. ಈ ಎರಡರ ನಡುವಣ ಅಂತರವು ಹಂಗಿನ ಅಂತರ. ಹೊಸ ಅಭ್ಯಾಸವು ಬಯಸುವುದು ಹಂಗಿಲ್ಲದ ಕೃತಜ್ಞತೆಯನ್ನು. ಕೃತಜ್ಞತೆಯ ಸಿಹಿಯೆಲ್ಲ ಬೇಕು, ಅದರ ಭಾರ ಮಾತ್ರ ಬೇಡ.

ಉದಾಹರಣೆಗೆ ಆ ಪುಸ್ತಕಗಳಲ್ಲಿ ಬಹುಶಃ ಎಲ್ಲಕ್ಕಿಂತ ಹೆಚ್ಚು ಸಲ ಬರೆಯಲ್ಪಡುವ ನೀರನ್ನೇ ತೆಗೆದುಕೊಳ್ಳಬಹುದು. ಬೆಂಗಳೂರಿನ ಒಂದು ಮನೆಯಲ್ಲಿ ನಲ್ಲಿಯನ್ನು ತಿರುಗಿಸಿದರೆ ಬೀಳುವ ಕಾವೇರಿಯ ನೀರು ಎಲ್ಲಿಂದ ಬಂದಿತು? ಸುಮಾರು 100 ಕಿಲೋಮೀಟರು ದೂರದ ತೊರೆಕಾಡನಹಳ್ಳಿಯಿಂದ. ಅಲ್ಲಿಂದ ನಗರಕ್ಕೆ ನೀರು ತಾನಾಗಿ ಹರಿದು ಬರಲಾರದು. ನದಿಯು ತಗ್ಗಿನಲ್ಲಿದೆ, ನಗರವು ದಿನ್ನೆಯ ಮೇಲಿದೆ. ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಎಂಬ ಮೂರು ಠಾವುಗಳಲ್ಲಿ ಯಂತ್ರಗಳು ಅದನ್ನು ಎತ್ತಿ ಎತ್ತಿ, ಒಟ್ಟು ಸುಮಾರು 500 ಮೀಟರು ಎತ್ತರಕ್ಕೆ ಏರಿಸುತ್ತವೆ. ಹಗಲೆನ್ನದೆ ಇರುಳೆನ್ನದೆ ಅವುಗಳ ಬಳಿ ಕಾವಲಿರುವ ಕೆಲಸಗಾರರು ಇದ್ದಾರೆ. ಊರು ಮಲಗಿರುವಾಗ ಬೀದಿಬೀದಿಯಲ್ಲಿ ಕೊಳವೆಯ ಬಾಗಿಲನ್ನು ತಿರುಗಿಸಿ, ಈ ಓಣಿಗೆ ಇಷ್ಟು ಹೊತ್ತು, ಆ ಓಣಿಗೆ ಅಷ್ಟು ಹೊತ್ತು ಎಂದು ನೀರು ಬಿಡುವವನು ಒಬ್ಬನಿದ್ದಾನೆ. ನೀರು ಬಾರದ ದಿನ ಮಾತ್ರ ಅವನ ನೆನಪಾಗುವುದು, ಅದೂ ಬೈಗುಳದ ರೂಪದಲ್ಲಿ.

ಈ ನೀರು ಬಂದದ್ದು 1974ರಲ್ಲಿ. ಅದಕ್ಕೆ ಹಿಂದೆ, 1933ರಿಂದ, ಅರ್ಕಾವತಿಯೂ ಕುಮುದ್ವತಿಯೂ ಸೇರುವ ತಿಪ್ಪಗೊಂಡನಹಳ್ಳಿಯ ಚಾಮರಾಜಸಾಗರವು ಊರಿಗೆ ನೀರುಣಿಸಿತು. ಅದಕ್ಕೂ ಹಿಂದೆ, ದಿವಾನ್ ಶೇಷಾದ್ರಿ ಅಯ್ಯರವರ ಕಾಲದಲ್ಲಿ, 1896ರಿಂದ ಹೆಸರಘಟ್ಟದ ಕೆರೆ. ಅದಕ್ಕೂ ಹಿಂದೆ ಧರ್ಮಾಂಬುಧಿ, ಸಂಪಂಗಿ, ಹಲಸೂರು ಮೊದಲಾದ ಕೆರೆಗಳು, ಬಾವಿಗಳು, ಕಲ್ಯಾಣಿಗಳು. ಇವುಗಳಿಗೆ ಸಂದ ಪ್ರತ್ಯುಪಕಾರವನ್ನು ನೋಡಿರಿ. ಧರ್ಮಾಂಬುಧಿಯನ್ನು ಒಣಗಿಸಿ ಬಸ್ಸುಗಳ ನಿಲ್ದಾಣ ಮಾಡಿದರು. ಸಂಪಂಗಿ ಕೆರೆಯಲ್ಲಿ ಆಟದ ಬಯಲು ಎದ್ದಿತು. ವರ್ಷಕ್ಕೊಮ್ಮೆ ಕರಗ ಹೊರುವ ತಿಗಳರಿಗಾಗಿ ಒಂದು ಹೊಂಡದಷ್ಟು ನೀರು ಅಲ್ಲಿ ಉಳಿದುಕೊಂಡಿದೆ. ಅಷ್ಟಾದರೂ ಉಳಿದದ್ದು, ಆ ಜನರು ಕೆರೆಗೆ ತಮ್ಮ ಹಂಗು ಇದೆಯೆಂದು ಇಂದಿಗೂ ತಿಳಿದಿರುವುದರಿಂದ. ಅರ್ಕಾವತಿಯ ಗತಿಯನ್ನು ವಿವರಿಸುವುದು ಬೇಡ. ಆ ಹೊಳೆಯ ಪಾತ್ರವನ್ನು ಕಣ್ಣಾರೆ ಕಂಡವರಿಗೆ ವಿವರಣೆಯು ಅನಾವಶ್ಯಕ.

ಇನ್ನು ಕಾವೇರಿಯ ಕಡೆಗೆ ತಿರುಗಿದರೆ, ಲೆಕ್ಕವು ಮತ್ತೂ ಭಾರವಾಗುವುದು. 1911ರಲ್ಲಿ ಕಟ್ಟಲಾರಂಭಿಸಿದ ಕೃಷ್ಣರಾಜಸಾಗರದ ನೀರಿನಲ್ಲಿ ಕಣ್ಣಂಬಾಡಿಯೆಂಬ ಊರು ಮುಳುಗಿತು. ಅಲ್ಲಿನ ವೇಣುಗೋಪಾಲಸ್ವಾಮಿಯ ದೇವಾಲಯವನ್ನು ಬಹುಕಾಲದ ಮೇಲೆ ಕಲ್ಲುಕಲ್ಲಾಗಿ ಬಿಚ್ಚಿ ನೀರಿನಾಚೆಗೆ ಮರಳಿ ಕಟ್ಟಿದ್ದಾರೆ. ಪ್ರವಾಸಿಗಳು ಹೋಗಿ ನೋಡಿ ಬರುತ್ತಾರೆ. ದೇವರ ಮನೆಯನ್ನು ಮರಳಿ ಕಟ್ಟಿದ ಕಥೆಯನ್ನು ಬಲ್ಲವರಲ್ಲಿ, ಆ ಊರಿನ ಒಕ್ಕಲುಗಳ ಮನೆಗಳು ಎಲ್ಲಿಗೆ ಹೋದುವೆಂದು ವಿಚಾರಿಸಿದವರು ಎಷ್ಟು ಮಂದಿ? ತಗ್ಗಿನ ನಾಲೆಗಳ ಕೊನೆಯಲ್ಲಿ ನೀರಿಗಾಗಿ ಕಾದು ಕುಳಿತ ಬೇಸಾಯಗಾರನ ಮಾತು ಅಂತಿರಲಿ. 2024ರ ಮಾರ್ಚಿಯಲ್ಲಿ ನಗರದಲ್ಲಿ ನೀರಿನ ಅಭಾವವುಂಟಾದಾಗ, ಕುಡಿಯುವ ನೀರಿನಿಂದ ಕಾರು ತೊಳೆಯುವವರಿಗೆ, ಕೈತೋಟಕ್ಕೆ ಬಿಡುವವರಿಗೆ 5000 ರೂಪಾಯಿ ದಂಡವೆಂದು ಜಲಮಂಡಲಿಯು ಸಾರಬೇಕಾಯಿತು. ನೂರು ಕಿಲೋಮೀಟರು ದೂರದಿಂದ ಎತ್ತಿ ತಂದ ನೀರಿನಲ್ಲಿ ಕಾರು ತೊಳೆಯಕೂಡದೆಂಬುದನ್ನು ದಂಡ ಹಾಕಿ ಕಲಿಸಬೇಕಾದ ಊರಿನಲ್ಲಿ, ಕೃತಜ್ಞತೆಯ ಪುಸ್ತಕಗಳು ಮಾತ್ರ ಚೆನ್ನಾಗಿ ಖರ್ಚಾಗುತ್ತಿವೆ.

ಬಳಸಿ ಬಿಟ್ಟ ನೀರು ಹೋಗುವುದಾದರೂ ಎಲ್ಲಿಗೆ? ಅದರ ಒಂದು ಪಾಲನ್ನು ಕೋರಮಂಗಲ ಚಲ್ಲಘಟ್ಟ ಕಣಿವೆಯಲ್ಲಿ ಶುದ್ಧಿ ಮಾಡಿ, 2018ರಿಂದ ಕೋಲಾರ ಜಿಲ್ಲೆಯ ಕೆರೆಗಳಿಗೆ ಏರಿಸುತ್ತಿದ್ದಾರೆ. ಆ ವರ್ಷವೇ ಲಕ್ಷ್ಮೀಸಾಗರದ ಕೆರೆಯಲ್ಲಿ ನೊರೆಯೆದ್ದು ವ್ಯಾಜ್ಯವು ನ್ಯಾಯಸ್ಥಾನದವರೆಗೆ ಹೋಯಿತು. ಬತ್ತಿದ ಕೆರೆಗಳು ತುಂಬಿದ್ದು ನಿಜ, ಬಾವಿಗಳಲ್ಲಿ ನೀರು ಏರಿದ್ದೂ ನಿಜ. ಎರಡು ಹಂತಗಳ ಶುದ್ಧಿಯು ಸಾಲದು, ಮೂರನೆಯದೂ ಆಗಬೇಕೆಂದು ಆ ಜಿಲ್ಲೆಯ ರೈತರು ಕೇಳುತ್ತಿರುವುದೂ ನಿಜ. ವಿನೋದವೇನೆಂದರೆ, 1902ರಲ್ಲಿ ಶಿವನಸಮುದ್ರದಲ್ಲಿ ಇದೇ ಕಾವೇರಿಯಿಂದ ವಿದ್ಯುತ್ತನ್ನು ತೆಗೆದಾಗ ಅದು ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗಳಿಗೆ. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ಅಂದು ಹೊಳೆಯ ಶಕ್ತಿಯನ್ನು ಪಡೆದ ಸೀಮೆಯು ಚಿನ್ನವನ್ನು ಕೊಟ್ಟು ಬರಿದಾಗಿ, ಇಂದು ರಾಜಧಾನಿಯ ಬಚ್ಚಲ ನೀರನ್ನು ಎದುರುನೋಡುತ್ತಿದೆ. ಇದಕ್ಕೆ ಯಾರು ಯಾರಿಗೆ ಕೃತಜ್ಞರಾಗಿರಬೇಕು? ಕೋಲಾರದವರೇ ಇರಬೇಕೆಂದು ಹೇಳುವವರು ಬೆಂಗಳೂರಿನಲ್ಲಿ ಇದ್ದಾರೆ.

ನೀರಿನ ದಾರಿಯಲ್ಲಿ ಇನ್ನೊಂದು ಮಜಲು ಉಳಿದಿದೆ. ಅದನ್ನು ಸಭ್ಯರ ಪತ್ರಿಕೆಯಲ್ಲಿ ಬರೆಯುವುದು ಹೇಗೆಂಬ ಸಂಕೋಚವೇ ಅದನ್ನು ಇಷ್ಟು ಕಾಲ ಹಾಗೆಯೇ ಉಳಿಸಿದೆ. ಮನೆಯ ಮಲಿನವು ಹರಿದುಹೋಗುವ ನೆಲದಡಿಯ ಮೋರಿಯು ಕಟ್ಟಿಕೊಂಡಾಗ, ಅದರೊಳಗೆ ಮನುಷ್ಯನನ್ನು ಇಳಿಸುವ ಪದ್ಧತಿಯು ಈ ದೇಶದಿಂದ ತೊಲಗಿಲ್ಲ. ಮಲವನ್ನು ತಲೆಯ ಮೇಲೆ ಹೊರುವುದನ್ನು 1970ರ ದಶಕದಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ಕರ್ನಾಟಕದಲ್ಲಿ ನಿಷೇಧಿಸಿದರು. 1993ರಲ್ಲಿ ಒಂದು, 2013ರಲ್ಲಿ ಅದಕ್ಕಿಂತ ಬಿಗಿಯಾದ ಇನ್ನೊಂದು ಕೇಂದ್ರ ಶಾಸನ ಬಂದಿತು. ಮೋರಿಯಲ್ಲಿ ಸತ್ತವರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಕೊಡಬೇಕೆಂದು 2014ರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿತು; 2023ರ ಅಕ್ಟೋಬರಿನಲ್ಲಿ ಆ ಮೊತ್ತವನ್ನು 30 ಲಕ್ಷಕ್ಕೆ ಏರಿಸಿತು. ಪರಿಹಾರವನ್ನು ಏರಿಸಬೇಕಾಗಿ ಬಂದಿತೆಂದರೆ ಸಾವು ನಿಂತಿಲ್ಲವೆಂದೇ ಅರ್ಥ. ಸ್ನಾನದ ಮನೆಯ ಸುಖವನ್ನು ಬರೆಯುವ ಲೇಖನಿಗಳು ಅಸಂಖ್ಯವಾಗಿರಬಹುದು. ಆ ಸುಖವು ಕೊನೆಯಲ್ಲಿ ಯಾರ ಮೂಗಿನ ಉಸಿರಿನ ಮೇಲೆ ನಿಂತಿದೆಯೆಂದು ಬರೆಯುವವು ಎಷ್ಟು?

ಇಲ್ಲಿ ಒಂದು ಆಕ್ಷೇಪ ಬರುವುದು. ಹಳೆಯ ಕಾಲದ ಜನರು ಈ ಗುಣದಲ್ಲಿ ಮೇಲಾಗಿದ್ದರು, ಇದೆಲ್ಲ ಪಾಶ್ಚಾತ್ಯ ಶಿಕ್ಷಣದ ಫಲವೆಂದು ಕೆಲವರು ಹೇಳುವರು. ಅವರ ಮಾತಿನಲ್ಲಿ ಸ್ವಲ್ಪ ಸತ್ಯವಿದೆ. ಬಾಣಂತಿಯು ಮೊದಲ ಸಲ ಹೊರಗೆ ಬಂದಾಗ ಬಾವಿಯ ಬಳಿಗೆ ಹೋಗಿ ಗಂಗೆಪೂಜೆ ಮಾಡುವಳು. ಸಂಕ್ರಾಂತಿಯಂದು ದನಗಳ ಮೈ ತೊಳೆಯುವರು. ಉತ್ತರದ ಸೀಮೆಗಳಲ್ಲಿ ಎಳ್ಳಮಾವಾಸ್ಯೆಯ ದಿನ ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ, ತಾವು ಉಣ್ಣುವುದಕ್ಕೆ ಮೊದಲು ಭೂಮಿಗೆ ಚರಗ ಚೆಲ್ಲುವರು. ಇವೆಲ್ಲ ಹೃದ್ಯವಾದ ಆಚಾರಗಳು. ಇವುಗಳಿಗಿಂತಲೂ ಬೆಲೆಯುಳ್ಳದ್ದು ಆಯದ ಪದ್ಧತಿ. ಬಡಗಿ, ಕಮ್ಮಾರ, ಕುಂಬಾರ, ಅಗಸ, ಇವರಿಗೆಲ್ಲ ಸುಗ್ಗಿಯ ಕಣದಲ್ಲಿಯೇ ಪಾಲು ಸಲ್ಲುತ್ತಿತ್ತು. ಕೋಲಾರದ ಕಡೆಯ ಕೆರೆಗಳಲ್ಲಿ ತೂಬನ್ನು ಎತ್ತಿ ಗದ್ದೆಗದ್ದೆಗೆ ನೀರನ್ನು ಅಳೆದು ಬಿಡುತ್ತಿದ್ದ ನೀರುಗಂಟಿಗೆ ಧಾನ್ಯದ ಪಾಲು ಕೊಟ್ಟಲ್ಲದೆ ರಾಶಿಯನ್ನು ಮನೆಗೆ ಒಯ್ಯುವ ಹಾಗಿರಲಿಲ್ಲ. ಕೃತಜ್ಞತೆಯು ಮೊರದಲ್ಲಿ ಅಳೆಯಲ್ಪಡುತ್ತಿದ್ದ ಕಾಲವದು.

ಆದರೆ ಅದೇ ನೀರುಗಂಟಿಯು ಅನೇಕ ಊರುಗಳಲ್ಲಿ ಅಸ್ಪೃಶ್ಯನೆನಿಸಿದ್ದ ಕುಲದವನು. ಊರಿನ ಗದ್ದೆಗಳಿಗೆಲ್ಲ ನೀರು ಹಂಚಿದ ಕೈಯಿಂದ ಅವನು ಊರ ಬಾವಿಯ ನೀರನ್ನು ಸೇದುವಂತಿರಲಿಲ್ಲ. ಬಾವಿಗೆ ಪೂಜೆಯುಂಟು, ತೂಬಿಗೆ ಪೂಜೆಯುಂಟು, ಆಯುಧಪೂಜೆಯಲ್ಲಿ ಗುದ್ದಲಿಗೂ ಕುಂಕುಮವುಂಟು. ಗುದ್ದಲಿಯನ್ನು ಹಿಡಿದವನಿಗೆ ಅಂಗಳದ ಆಚೆಯ ಜಾಗ. ಕುಡಿಯುವ ನೀರಿನ ಕೆರೆಯನ್ನು ಮುಟ್ಟುವ ಹಕ್ಕಿಗಾಗಿ ಅಂಬೇಡ್ಕರವರು 1927ರಲ್ಲಿ ಮಹಾಡಿನಲ್ಲಿ ಸತ್ಯಾಗ್ರಹ ಮಾಡಬೇಕಾಯಿತು. ಹಾಗಾದ್ದರಿಂದ ವಸ್ತುವನ್ನು ನೆನೆದು ವ್ಯಕ್ತಿಯನ್ನು ಮರೆಯುವ ವಿದ್ಯೆಯನ್ನು ಅಮೆರಿಕೆಯಿಂದ ಕಲಿಯಬೇಕಾಗಿರಲಿಲ್ಲ. ಅದು ಇಲ್ಲಿಯೇ ಚೆನ್ನಾಗಿ ಬೆಳೆದಿತ್ತು. ಹೊಸ ಪುಸ್ತಕವು ಆ ಹಳೆಯ ವಿದ್ಯೆಗೆ ಹೊಸ ರಟ್ಟು ಹಾಕಿದೆ. ಹಳೆಯದರಲ್ಲಿ ಇದ್ದ ಧಾನ್ಯದ ಮೊರವನ್ನು ಮಾತ್ರ ಬಿಟ್ಟಿದೆ.

ಹಂಗು ಹೀನವಾದದ್ದು, ಶರಣರೇ ಹಂಗನ್ನು ಒಲ್ಲೆನೆಂದರಲ್ಲವೇ ಎಂದು ಇನ್ನು ಕೆಲವರು ಕೇಳಬಹುದು. ಶರಣರು ಒಲ್ಲೆನೆಂದದ್ದು ಅರಸರ ಹಂಗನ್ನು, ಸಿರಿವಂತರ ಹಂಗನ್ನು. ಅದರ ಸ್ಥಾನದಲ್ಲಿ ಅವರು ಇಟ್ಟದ್ದು ಕಾಯಕವನ್ನೂ ದಾಸೋಹವನ್ನೂ. ಪಡೆದದ್ದನ್ನು ದುಡಿದು ಹಿಂದಿರುಗಿಸುವ ಮಾರ್ಗವನ್ನು. ಯಾರಿಗೂ ಏನೂ ಸಲ್ಲಿಸದೆ ಎಲ್ಲವನ್ನೂ ಪಡೆದು ಹಾಯಾಗಿರುವ ಮಾರ್ಗವನ್ನು ಅವರು ತೋರಿಸಲಿಲ್ಲ.

ಇಲ್ಲಿ ಹಂಗಿಗೂ ಹಂಗಿಸುವುದಕ್ಕೂ ಇರುವ ಭೇದವನ್ನು ಮರೆಯಬಾರದು. ಪಡೆದವನು ತಾನಾಗಿ ಒಪ್ಪಿಕೊಂಡರೆ ಹಂಗು. ಕೊಟ್ಟವನು ಎತ್ತಿ ಆಡಿದರೆ ಹಂಗಿಸುವುದು. ಮೊದಲನೆಯದು ಸದ್ಗುಣ, ಎರಡನೆಯದು ನೀಚತನ. ವಿಚಿತ್ರವೇನೆಂದರೆ, ಮೇಲಿನವರು ತಮ್ಮ ಪಾಲಿಗೆ ಹಂಗನ್ನು ಕಳೆದುಕೊಂಡು, ಕೆಳಗಿನವರನ್ನು ಹಂಗಿಸುವ ಹಕ್ಕನ್ನು ಮಾತ್ರ ಉಳಿಸಿಕೊಂಡಿದ್ದಾರೆ. ಮನೆಗೆಲಸದವಳು ಸಂಬಳ ಹೆಚ್ಚು ಮಾಡಿರೆಂದು ಕೇಳಿದರೆ, ಉಪ್ಪು ತಿಂದ ಮನೆಯೆಂಬ ನೆನಪಿಲ್ಲವೇ ಎಂಬ ಉತ್ತರ ಬರುವುದು. ಅವಳು ತೊಳೆದ ತಟ್ಟೆಯಲ್ಲಿ ಹತ್ತು ವರ್ಷ ಉಂಡವರು ತಾವೆಂಬುದು ಆ ಗಳಿಗೆಯಲ್ಲಿ ಹೊಳೆಯುವುದಿಲ್ಲ. ಕಾರ್ಖಾನೆಗಳಲ್ಲಿಯೂ ಕಚೇರಿಗಳಲ್ಲಿಯೂ ಕೆಲಸಗಾರರಿಗೆ ಈ ಕೃತಜ್ಞತೆಯ ಪಾಠವನ್ನು ಏರ್ಪಡಿಸುವುದುಂಟು. ಇರುವುದಕ್ಕೆ ಸಂತೋಷಪಡಿರೆಂದು ಬೋಧೆ. ಒಡೆಯರ ಸಭೆಯಲ್ಲಿ ಕೆಲಸಗಾರರಿಗೆ ಕೃತಜ್ಞರಾಗಿರಿ ಎಂಬ ಪಾಠ ನಡೆಯುವುದು ವಿರಳ. ಸಂತೃಪ್ತಿಯು ಉತ್ತಮವಾದ ಗುಣವೇ. ಆದರೆ ಅದನ್ನು ತನಗೆ ತಾನೇ ಬೋಧಿಸಿಕೊಳ್ಳುವುದು ಬೇರೆ, ತನ್ನಿಂದ ಬರಬೇಕಾದುದನ್ನು ಕೇಳಬಂದವನಿಗೆ ಬೋಧಿಸುವುದು ಬೇರೆ.

ಹಂಗಿಲ್ಲದ ಕೃತಜ್ಞತೆಯು ಸಾರ್ವಜನಿಕವಾಗಿ ಯಾವ ರೂಪ ತಾಳುವುದೆಂಬುದನ್ನು ದೇಶವೆಲ್ಲ ಒಂದೇ ಗಳಿಗೆಯಲ್ಲಿ ಕಂಡದ್ದು 2020ರ ಮಾರ್ಚಿ 22ನೆಯ ತಾರೀಖಿನ ಸಂಜೆ ಐದು ಘಂಟೆಗೆ. ಕೊರೋನಾ ವ್ಯಾಧಿಯ ಕಾಲದಲ್ಲಿ ದುಡಿಯುತ್ತಿದ್ದ ವೈದ್ಯರು, ದಾದಿಯರು, ಪೌರಕಾರ್ಮಿಕರು ಮುಂತಾದವರಿಗಾಗಿ ಜನರು ಬಾಗಿಲುಗಳಲ್ಲಿ ನಿಂತು ಚಪ್ಪಾಳೆ ತಟ್ಟಿದರು, ತಟ್ಟೆ ಬಡಿದರು, ಘಂಟೆ ಬಾರಿಸಿದರು. ಭಾವವು ಪ್ರಾಮಾಣಿಕವಾಗಿತ್ತೆಂಬುದರಲ್ಲಿ ಸಂದೇಹವಿಲ್ಲ. ಕಣ್ಣಲ್ಲಿ ನೀರು ತಂದುಕೊಂಡವರೂ ಇದ್ದರು. ಆ ದಿನಗಳಲ್ಲಿಯೇ ಅನೇಕ ಊರುಗಳಲ್ಲಿ ವೈದ್ಯರಿಗೂ ದಾದಿಯರಿಗೂ ಬಾಡಿಗೆಯ ಮನೆಯನ್ನು ಬಿಡಿರೆಂದು ಮನೆಯೊಡೆಯರು ಹೇಳಿದರು. ಆರೋಗ್ಯದ ಕೆಲಸದವರ ಮೇಲೆ ಕೈಮಾಡುವವರನ್ನು ಶಿಕ್ಷಿಸಲು ಏಪ್ರಿಲಿನಲ್ಲಿ ಸುಗ್ರೀವಾಜ್ಞೆ ಹೊರಡಿಸಬೇಕಾಯಿತು. ಜುಲೈ ತಿಂಗಳಿನಲ್ಲಿ ಕರ್ನಾಟಕದ ಸಾವಿರಾರು ಆಶಾ ಕಾರ್ಯಕರ್ತೆಯರು, ಮನೆಮನೆಗೆ ಅಲೆದು ರೋಗಿಗಳನ್ನು ಹುಡುಕಿದ ಅದೇ ಹೆಂಗಸರು, ತಿಂಗಳಿಗೆ 12,000 ರೂಪಾಯಿ ಗೌರವಧನವನ್ನೂ ರಕ್ಷಣೆಯ ಸಾಮಗ್ರಿಗಳನ್ನೂ ಕೇಳಿ ಕೆಲಸ ನಿಲ್ಲಿಸಿದರು. ಅಂದು ಯಾವ ಬಾಗಿಲಿನಲ್ಲಿಯೂ ತಟ್ಟೆಯ ಶಬ್ದ ಕೇಳಲಿಲ್ಲ. ಮಾರ್ಚಿಯ ಚಪ್ಪಾಳೆಗೆ ಖರ್ಚಿರಲಿಲ್ಲ. ಜುಲೈಯ ಬೇಡಿಕೆಗೆ ಇತ್ತು.

ಹಾಗಾದರೆ ಬರೆಯುವ ಪುಸ್ತಕವನ್ನು ಸುಟ್ಟುಹಾಕಬೇಕೇ? ಅಷ್ಟು ದೂರ ಹೋಗಬೇಕಾದ್ದಿಲ್ಲ. ಬರೆಯುವವರು ಬರೆಯಲಿ, ಆದರೆ ಐದು ವಸ್ತುಗಳ ಬದಲು ಒಂದನ್ನೇ ಹಿಡಿದು ಅದರ ಮೂಲದವರೆಗೆ ಹೋಗಲಿ. ನೀರು ಎಂದು ಬರೆದವರು, ತಮ್ಮ ಬೀದಿಗೆ ನೀರು ಬಿಡುವವನ ಹೆಸರನ್ನು ಮೊದಲು ಕೇಳಿ ತಿಳಿಯಲಿ. ಅವನು ಖಾಯಂ ನೌಕರನೋ ಗುತ್ತಿಗೆಯವನೋ, ಕಳೆದ ತಿಂಗಳ ಸಂಬಳವು ಅವನಿಗೆ ಬಂದಿತೋ ಇಲ್ಲವೋ ವಿಚಾರಿಸಲಿ. ಕಸ ಒಯ್ಯುವವಳು ಬೆಳಗಿನಿಂದ ಮಧ್ಯಾಹ್ನದವರೆಗೆ ಬೀದಿಯಲ್ಲಿರುವಳಷ್ಟೆ. ದೇಹಬಾಧೆಗೆ ಅವಳು ಹೋಗುವುದೆಲ್ಲಿಗೆ, ಕುಡಿಯಲು ನೀರು ಕೇಳಿದರೆ ಮನೆಯವರು ಯಾವ ಪಾತ್ರೆಯಲ್ಲಿ ಕೊಡುವರು, ಇದನ್ನು ನೋಡಲಿ. ಈ ಕಡೆಯ ಪ್ರಶ್ನೆಯನ್ನು ಕೇಳಿದರೆ ಸುಶಿಕ್ಷಿತ ಮನೆಗಳಲ್ಲಿ ಈಗಲೂ ಮುಖಗಳು ಒಂದು ಕ್ಷಣ ಆಚೆಗೆ ತಿರುಗುವುವು. ಇಂತಹ ಒಂದು ಪುಟವನ್ನು ಬರೆದವನಿಗೆ ಅಂದಿನ ರಾತ್ರಿ ನಿದ್ರೆಯು ಅಷ್ಟು ಚೆನ್ನಾಗಿ ಬಾರದೆ ಹೋಗಬಹುದು, ಮನಶ್ಶಾಸ್ತ್ರಜ್ಞರ ಪ್ರಯೋಗವು ಅವನಲ್ಲಿ ತಲೆಕೆಳಗಾಗಬಹುದು.

ಪ್ರತಿ ವರ್ಷ ಸೆಪ್ಟೆಂಬರು 23ರಂದು ಕರ್ನಾಟಕದಲ್ಲಿ ಪೌರಕಾರ್ಮಿಕರ ದಿನಾಚರಣೆ ನಡೆಯುತ್ತದೆ. ವೇದಿಕೆಯ ಮೇಲೆ ಅವರಿಗೆ ಶಾಲು ಹೊದಿಸುವರು, ಹಣ್ಣಿನ ಬುಟ್ಟಿ ಕೊಡುವರು, ಗಣ್ಯರು ಭಾಷಣ ಮಾಡುವರು. ಸಭೆ ಮುಗಿದ ಮೇಲೆ ಹೂವಿನ ಹಾರಗಳೂ ಎಲೆಗಳೂ ಚಹದ ಲೋಟಗಳೂ ಅಂಗಳದ ತುಂಬ ಬಿದ್ದಿರುವುವು. ಅವನ್ನು ಗುಡಿಸುವವರು ಯಾರೆಂದು ವಾಚಕರು ಬಲ್ಲರು.